ಬುತ್ತಿ ಬಿಚ್ಚುವಷ್ಟು ಬಿಡುವು

1933ರ ಮಾರ್ಚ್ 7ರ ಸಂಜೆ ಜರ್ಮನಿಯ ಡ್ರೆಸ್ಡೆನ್ ನಗರದ ಆಪೆರಾ ಮಂದಿರದಲ್ಲಿ ವರ್ಡಿಯ ‘ರಿಗೊಲೆಟ್ಟೊ’ ಇತ್ತು. ವಾದ್ಯವೃಂದದ ಮುಂದೆ ನಿಲ್ಲಬೇಕಿದ್ದವರು ಫ್ರಿಟ್ಸ್ ಬುಶ್. ಆ ಮಂದಿರದ ಸಂಗೀತದ ಹೊಣೆ 1922ರಿಂದ ಅವರದೇ. ರಿಚರ್ಡ್ ಸ್ಟ್ರಾಸ್‌ನ ‘ಇಂಟರ್‌ಮೆಟ್ಸೊ’ ಮೊದಲ ಬಾರಿಗೆ ರಂಗಕ್ಕೆ ಬಂದದ್ದು ಅವರ ಕೈಯಲ್ಲಿ. ಅಂದು ಅವರು ಬಂದು ನಿಂತದ್ದೇ ತಡ, ಸಭಾಂಗಣದಲ್ಲಿ ಜಾಗ ಹಿಡಿದು ಕೂತಿದ್ದ ಹಿಟ್ಲರನ ಕಂದು ಅಂಗಿಯವರು ಕೂಗಾಡತೊಡಗಿದರು. ಗದ್ದಲ ನಿಲ್ಲುವ ಸೂಚನೆ ಕಾಣಲಿಲ್ಲ. ಬುಶ್ ಸ್ವಲ್ಪ ಹೊತ್ತು ಕಾದು, ಹೊರಗೆ ನಡೆದರು. ಆ ರಾತ್ರಿಯ ಆಪೆರಾವನ್ನು ಬೇರೊಬ್ಬರು ನಡೆಸಿಕೊಟ್ಟರು. ಬುಶ್ ಯಹೂದಿಯಲ್ಲ. ಹೊಸ ಆಳ್ವಿಕೆಗೆ ತಲೆಬಾಗಲಿಲ್ಲ ಎಂಬುದಷ್ಟೇ ಅವರ ಅಪರಾಧ.

ಅಲ್ಲಿಂದ ಹದಿನೈದು ತಿಂಗಳೂ ತುಂಬಿರಲಿಲ್ಲ. 1934ರ ಮೇ 28ರಂದು ಅದೇ ಬುಶ್ ಇಂಗ್ಲೆಂಡಿನ ಸಸೆಕ್ಸ್ ಸೀಮೆಯಲ್ಲಿ, ಸುತ್ತ ಕುರಿ ಮೇಯುವ ಗುಡ್ಡಗಳ ನಡುವೆ, ಸುಮಾರು 300 ಆಸನಗಳ ಪುಟ್ಟ ರಂಗಮಂದಿರವೊಂದರಲ್ಲಿ ಮೊಜಾರ್ಟನ ‘ಫಿಗರೋನ ಮದುವೆ’ಯನ್ನು ಆರಂಭಿಸಿದರು. ಬಂಗಲೆಯ ಹೆಸರು ಗ್ಲೈಂಡ್‌ಬೋರ್ನ್. ಈಗ ಆ ಹೆಸರು ಕೇಳಿದರೆ ಯಾರಿಗೂ ಡ್ರೆಸ್ಡೆನ್ ನೆನಪಾಗುವುದಿಲ್ಲ. ನೆನಪಾಗುವುದು ಬುತ್ತಿ.

ಹೌದು, ಬುತ್ತಿಯೇ. ಗ್ಲೈಂಡ್‌ಬೋರ್ನ್ ಎಂದರೆ ಕಪ್ಪು ಕೋಟು, ಬಿಲ್ಲು ಟೈ, ಉದ್ದನೆಯ ಗೌನು ತೊಟ್ಟವರು ಹುಲ್ಲಿನ ಮೇಲೆ ಕಂಬಳಿ ಹಾಸಿ, ಬೆತ್ತದ ಬುಟ್ಟಿಯಿಂದ ತಿಂಡಿ ತೆಗೆದು, ಶಾಂಪೇನ್ ಬಿಚ್ಚುವ ಚಿತ್ರ. ಇಂಗ್ಲಿಷ್ ಪತ್ರಿಕೆಗಳು ಪ್ರತಿ ಬೇಸಿಗೆಯಲ್ಲೂ ಈ ಚಿತ್ರವನ್ನು ಅಚ್ಚು ಹಾಕುತ್ತವೆ. ಉಳ್ಳವರ ಮೋಜು ಎಂದು ಓದುಗರು ಪುಟ ತಿರುವುತ್ತಾರೆ. ಚಿತ್ರವೇನೋ ನಿಜ. ಆದರೆ ಆ ಕಂಬಳಿಯ ಅಂಚು ಎತ್ತಿ ನೋಡಿದರೆ ಬೇರೊಂದು ಕತೆ ಇದೆ, ಅದು ಸಮಯದ ಕತೆ. ಕಲಾವಿದರಿಗೆ ತಾಲೀಮಿಗೆ ಬೇಕಾದಷ್ಟು ದಿನ, ಕೇಳುವವರಿಗೆ ಒಂದಿಡೀ ಮಧ್ಯಾಹ್ನ ಮತ್ತು ಸಂಜೆ. ಈ ಎರಡು ಬಗೆಯ ಸಮಯಕ್ಕೂ ಯಾರೋ ಬೆಲೆ ತೆತ್ತಿದ್ದಾರೆ. ಕೆಲವರು ಹಣದಲ್ಲಿ, ಕೆಲವರು ದೇಶ ಬಿಟ್ಟು.

ಹಣ ಕೊಟ್ಟವರು ಜಾನ್ ಕ್ರಿಸ್ಟಿ. 1882ರಲ್ಲಿ ಹುಟ್ಟಿದ ಇವರು ಸಿರಿವಂತ ಜಮೀನುದಾರರ ಮನೆಯ ಒಬ್ಬನೇ ಮಗ. ಈಟನ್ ಶಾಲೆಯಲ್ಲಿ ವಿಜ್ಞಾನದ ಮೇಷ್ಟರಾಗಿದ್ದರು, ಮೊದಲ ಮಹಾಯುದ್ಧದಲ್ಲಿ ಹೋರಾಡಿ ಮಿಲಿಟರಿ ಕ್ರಾಸ್ ಪಡೆದಿದ್ದರು. ಗ್ಲೈಂಡ್‌ಬೋರ್ನ್ ಕೈಗೆ ಬಂದ ಮೇಲೆ ಮನೆಯಲ್ಲೇ ದೊಡ್ಡದೊಂದು ಆರ್ಗನ್ ವಾದ್ಯ ಕೂರಿಸಬೇಕೆನ್ನಿಸಿತು. ಅದಕ್ಕೊಂದು ದೊಡ್ಡ ಕೋಣೆ ಕಟ್ಟಿಸಿದ್ದಲ್ಲದೆ, ಆರ್ಗನ್ ತಯಾರಿಸುವ ಕಂಪನಿಯನ್ನೇ ಕೊಂಡರು. ಆ ಕೋಣೆಯಲ್ಲಿ ಮನೆಮಂದಿ, ಗೆಳೆಯರು, ಕೆಲಸದವರು ಸೇರಿ ಆಪೆರಾದ ತುಣುಕುಗಳನ್ನು ಆಡುತ್ತಿದ್ದರು. ಹವ್ಯಾಸಿಗಳ ನಡುವೆ ಹಾಡಲು ಒಬ್ಬ ವೃತ್ತಿಪರ ಗಾಯಕಿಯನ್ನು ಕರೆಸಿದರು. ಅವರೇ ಆಡ್ರಿ ಮಿಲ್ಡ್‌ಮೇ. 1931ರಲ್ಲಿ ಇಬ್ಬರೂ ಮದುವೆಯಾದರು. ಕ್ರಿಸ್ಟಿಗೆ ಆಗ 48, ಮಿಲ್ಡ್‌ಮೇಗೆ 30.

ಕ್ರಿಸ್ಟಿ ವ್ಯಾಗ್ನರ್ ಭಕ್ತ. ಬೈರಾಯ್ಟ್‌ಗೆ ಹೋಗಿ ಬಂದವರು. ಒಬ್ಬ ಸಂಗೀತಗಾರನ ಕೃತಿಗಳಿಗೆಂದೇ ಪಟ್ಟಣದ ಗದ್ದಲದಿಂದ ದೂರ ಒಂದು ರಂಗಮಂದಿರ ಇರಬಹುದು ಎಂಬುದನ್ನು ಕಣ್ಣಾರೆ ಕಂಡಿದ್ದರು. ತಾನೂ ಕಟ್ಟಬೇಕೆಂದು ಹೊರಟರು. ಮಾಡುವುದಾದರೆ ಆಟಿಕೆಯಂತೆ ಬೇಡ, ಸರಿಯಾಗಿ ಮಾಡಿ ಎಂದು ಹೆಂಡತಿ ಪಟ್ಟು ಹಿಡಿದರೆಂದು ಹೇಳುತ್ತಾರೆ. ಕಟ್ಟಡದ ಕೆಲಸಕ್ಕೂ ಕ್ರಿಸ್ಟಿಯ ಸ್ವಂತ ಕಂಪನಿಯೇ ಇತ್ತು. ಗೋಡೆ ಎದ್ದಿತು, ರಂಗ ಸಿದ್ಧವಾಯಿತು. ಆದರೆ ಅಲ್ಲಿ ಆಪೆರಾ ಮಾಡಿಸುವವರು ಯಾರು?

ಇಲ್ಲಿ ಡ್ರೆಸ್ಡೆನ್ನಿನ ಗದ್ದಲ ಸಸೆಕ್ಸಿಗೆ ಬಂದು ಸೇರುತ್ತದೆ. ಬುಶ್ ಅವರ ತಮ್ಮ ಅಡಾಲ್ಫ್ ಬುಶ್ ಹೆಸರಾಂತ ಪಿಟೀಲುವಾದಕ. ಕ್ರಿಸ್ಟಿಯ ಯೋಜನೆಯ ಸುದ್ದಿ ಪರಿಚಿತರಿಂದ ಅವರ ಕಿವಿಗೆ ಬಿತ್ತು, ಅವರಿಂದ ಅಣ್ಣನಿಗೆ ಮುಟ್ಟಿತು. ಬುಶ್ ತಮ್ಮ ಜೊತೆಗೆ ಕಾರ್ಲ್ ಎಬರ್ಟ್ ಅವರನ್ನು ಕರೆತಂದರು. ಎಬರ್ಟ್ ಬರ್ಲಿನ್ನಿನ ನಗರ ಆಪೆರಾದ ಮುಖ್ಯಸ್ಥರಾಗಿದ್ದವರು, 1933ರಲ್ಲಿ ಅವರೂ ಹುದ್ದೆ ಕಳೆದುಕೊಂಡಿದ್ದರು. ಮೂರನೆಯವರು ರುಡಾಲ್ಫ್ ಬಿಂಗ್, ವಿಯೆನ್ನಾದ ಯಹೂದಿ. ಬರ್ಲಿನ್ನಿನಲ್ಲಿ ಎಬರ್ಟ್ ಕೈಕೆಳಗೆ ದುಡಿದಿದ್ದರು, ಇಲ್ಲಿ ಗಾಯಕರನ್ನು ಗೊತ್ತುಮಾಡುವ ಕೆಲಸದಿಂದ ಶುರುಮಾಡಿ 1936ರಲ್ಲಿ ಮ್ಯಾನೇಜರ್ ಆದರು.

ಈ ಮೂವರೂ ನೆಮ್ಮದಿಯಾಗಿ ತಮ್ಮ ತಮ್ಮ ಹುದ್ದೆಗಳಲ್ಲಿದ್ದಿದ್ದರೆ, ಇಂಗ್ಲೆಂಡಿನ ಒಬ್ಬ ಜಮೀನುದಾರನ ತೋಟದ ರಂಗಕ್ಕೆ ಬರುತ್ತಿದ್ದರೇ? ಡ್ರೆಸ್ಡೆನ್, ಬರ್ಲಿನ್ ಎಂದರೆ ನೂರಾರು ಜನ ಸಂಬಳದ ಮೇಲಿದ್ದ, ವರ್ಷವಿಡೀ ನಡೆಯುವ ಸಂಸ್ಥೆಗಳು. ಹಿಟ್ಲರನ ಆಳ್ವಿಕೆ ಕಿತ್ತೆಸೆದ ಅನುಭವವನ್ನು ಕ್ರಿಸ್ಟಿಯ ಹಣ ಆಯ್ದುಕೊಂಡಿತು. ಕಲೆಯ ಚರಿತ್ರೆಯಲ್ಲಿ ಇಂಥ ವಿನಿಮಯ ಬೇಕಾದಷ್ಟಿದೆ. ಯಾವ ಕೃತಜ್ಞತಾ ಭಾಷಣದಲ್ಲೂ ಅದನ್ನು ಇಷ್ಟು ಒರಟಾಗಿ ಹೇಳುವುದಿಲ್ಲ, ಅಷ್ಟೆ.

ಬಂದವರು ಕೇಳಿದ್ದು ಎರಡು. ಕಲೆಯ ವಿಷಯದಲ್ಲಿ ಕೊನೆಯ ಮಾತು ತಮ್ಮದಾಗಿರಬೇಕು, ಮತ್ತು ತಾಲೀಮಿಗೆ ಸಮಯ ಬೇಕು. ಅಂದಿನ ಲಂಡನ್ನಿನ ಆಪೆರಾ ಋತುವಿನಲ್ಲಿ ಖ್ಯಾತ ಗಾಯಕರು ಬರುವುದು, ಕಡಿಮೆ ತಾಲೀಮಿನಲ್ಲಿ ತಮ್ಮ ಪಾಲಿನದನ್ನು ಹಾಡಿ ಹೊರಡುವುದು ಮಾಮೂಲು. ಗ್ಲೈಂಡ್‌ಬೋರ್ನ್‌ನಲ್ಲಿ ಗಾಯಕರು ಹಳ್ಳಿಯಲ್ಲೇ ಬಿಡಾರ ಹೂಡಿ, ವಾರಗಟ್ಟಲೆ ಒಟ್ಟಿಗೆ ಅಭ್ಯಾಸ ಮಾಡಿದರು. ಪಟ್ಟಣ ದೂರ, ಬೇರೆ ಕಛೇರಿಗಳಿಲ್ಲ, ಓಡಿಹೋಗಲು ದಾರಿಯೂ ಇಲ್ಲ! ಮೊದಲ ರಾತ್ರಿಯ ಫಿಗರೋ ಜರ್ಮನಿಯ ವಿಲ್ಲಿ ಡೋಮ್‌ಗ್ರಾಫ್-ಫಾಸ್‌ಬೆಂಡರ್, ದೊರೆಸಾನಿ ಫಿನ್‌ಲೆಂಡಿನ ಔಲಿಕ್ಕಿ ರೌತವಾರಾ, ದೊರೆ ಬ್ರಿಟನ್ನಿನ ರಾಯ್ ಹೆಂಡರ್ಸನ್, ಸುಸಾನಾ ಮನೆಯೊಡತಿ ಮಿಲ್ಡ್‌ಮೇ. ಹಾಡಿದ್ದು ಇಟಾಲಿಯನ್ ಭಾಷೆಯಲ್ಲಿ. ಒಬ್ಬೊಬ್ಬರ ಹೆಸರಿಗಿಂತ ಎಲ್ಲರೂ ಒಬ್ಬರ ಮಾತಿಗೆ ಇನ್ನೊಬ್ಬರು ಕಿವಿಗೊಟ್ಟು ಹಾಡಿದ ರೀತಿ ವಿಮರ್ಶಕರನ್ನು ಬೆರಗುಗೊಳಿಸಿತು.

ಮರುದಿನ ‘ಕೊಸಿ ಫಾನ್ ತುತ್ತೆ’. ಲಂಡನ್ನಿನಿಂದ ಬಂದ ರೈಲಿನಿಂದ ಇಳಿದ ಪ್ರೇಕ್ಷಕರು ಬೆರಳೆಣಿಕೆಯಷ್ಟು ಮಂದಿ. ಪತ್ರಿಕೆಗಳಲ್ಲಿ ಮೊದಲ ರಾತ್ರಿಯ ವಿಮರ್ಶೆ ಬಂದ ಮೇಲೆ ಜನ ಬರತೊಡಗಿದರು. ಆದರೂ ಆ ಎರಡು ವಾರದ ಲೆಕ್ಕ ತಾಳೆಯಾಗಲಿಲ್ಲ; ನಷ್ಟವನ್ನು ಕ್ರಿಸ್ಟಿಯೇ ತುಂಬಿದರು.

ಈಗ ಬುತ್ತಿಯ ಮಾತಿಗೆ ಬರೋಣ. ಲಂಡನ್ನಿನಿಂದ ಸುಮಾರು 80 ಕಿಲೋಮೀಟರ್ ದೂರ. ವಿಕ್ಟೋರಿಯಾ ನಿಲ್ದಾಣದಿಂದ ಲೂಯಿಸ್ ಪಟ್ಟಣಕ್ಕೆ ರೈಲು, ಅಲ್ಲಿಂದ ಬಂಗಲೆಗೆ ಬಸ್ಸು. ರಾತ್ರಿ ವಾಪಸು ರೈಲು ಸಿಗಬೇಕಾದರೆ ಆಟ ಸಂಜೆಯೇ ಶುರುವಾಗಬೇಕು. ಸಂಜೆ ಶುರುವಾದರೆ ನಡುವೆ ಊಟದ ಹೊತ್ತು ಬರುತ್ತದೆ. ಸುತ್ತ ಹೋಟೆಲುಗಳಿಲ್ಲ. ಹೀಗಾಗಿ ದೀರ್ಘ ಬಿಡುವು. ಈಗ ಅದು ಸುಮಾರು 90 ನಿಮಿಷ. ಕ್ರಿಸ್ಟಿ ಒಂದು ಊಟದ ಶಾಲೆಯನ್ನೂ ನಡೆಸುತ್ತಿದ್ದರು. ಬೇಕಾದವರು ತಮ್ಮ ಬುತ್ತಿಯನ್ನೇ ತೋಟದಲ್ಲಿ ಬಿಚ್ಚಬಹುದಿತ್ತು. ಶೀಷೆಗೆ ದಾರ ಕಟ್ಟಿ ಕೆರೆಯ ನೀರಿಗೆ ಇಳಿಬಿಟ್ಟು ತಂಪು ಮಾಡುವ ರೂಢಿಯೂ ಬೆಳೆಯಿತು. ಈ ಬಿಡುವಿನಿಂದ ಗಾಯಕರ ಗಂಟಲಿಗೂ ವಿಶ್ರಾಂತಿ. ಇವತ್ತು ಶೋಕಿಯಂತೆ ಕಾಣುವ ಈ ಬುತ್ತಿಯೂಟ ಹುಟ್ಟಿದ್ದು ರೈಲಿನ ವೇಳಾಪಟ್ಟಿಯಿಂದ, ಹಸಿವಿನಿಂದ.

ಉಡುಪಿನ ನಿಯಮ ಮಾತ್ರ ಕ್ರಿಸ್ಟಿಯದೇ ಹಟ. ಕಲಾವಿದರು ಇಷ್ಟು ಶ್ರಮಪಡುವಾಗ ಕೇಳುಗರೂ ಸ್ವಲ್ಪ ಶ್ರಮ ತೆಗೆದುಕೊಳ್ಳಲಿ ಎಂಬುದು ಅವರ ವಾದ. ಅದರಿಂದಾಗಿ ವಿಕ್ಟೋರಿಯಾ ನಿಲ್ದಾಣದಲ್ಲಿ ಹಾಡಹಗಲೇ ರಾತ್ರಿಯ ಔತಣಕ್ಕೆ ಸಿಂಗರಿಸಿಕೊಂಡವರ ಸಾಲು ಕಂಡು ಉಳಿದ ಪ್ರಯಾಣಿಕರು ಕಣ್ಣರಳಿಸುತ್ತಿದ್ದರು.

ಕೆಲವು ವರ್ಷಗಳ ಹಿಂದಿನ ಒಂದು ಬೇಸಿಗೆಯಲ್ಲಿ ಆ ಸಾಲಿನಲ್ಲಿ ನಾನೂ ನಿಂತಿದ್ದೆ, ಜೊತೆಗೆ ಲಂಡನ್ನಿನಲ್ಲಿ ನೆಲೆಸಿರುವ ಅಕ್ಕ. ಒಳ್ಳೆಯ ಆಸನಗಳ ಬೆಲೆ 200 ಪೌಂಡ್ ದಾಟುತ್ತದೆ. ನಮ್ಮ ಕೈಲಿದ್ದದ್ದು ನಿಂತು ನೋಡುವ ಅಗ್ಗದ ಟಿಕೆಟ್. ಅಕ್ಕ ತಮ್ಮ ಮದುವೆಯ ಕಾಲದ ಮೈಸೂರು ರೇಷ್ಮೆ ಸೀರೆ ಉಟ್ಟು, ಕೈಯಲ್ಲಿ ಸ್ಟೀಲಿನ ಊಟದ ಕ್ಯಾರಿಯರ್ ಹಿಡಿದಿದ್ದರು.

“ನಾಟಕದ ಮಧ್ಯೆ ಒಂದೂವರೆ ಗಂಟೆ ಬಿಡ್ತಾರೇನೋ? ನಮ್ಮೂರಲ್ಲಾಗಿದ್ರೆ ಅರ್ಧ ಜನ ಮನೆಗೆ ಹೋಗಿ ಮಲಗಿಬಿಡ್ತಿದ್ರು,” ಅಂದರು.

“ಇಲ್ಲಿ ಮನೆ ದೂರ ಅಕ್ಕ, ಅದಕ್ಕೇ ಉಳೀತಾರೆ,” ಅಂದೆ.

ಅಂದೂ ಇದ್ದದ್ದು ‘ಫಿಗರೋನ ಮದುವೆ’. ಎರಡನೆಯ ಅಂಕ ಮುಗಿಯುವಾಗ ರಂಗದ ಮೇಲೆ ಒಬ್ಬೊಬ್ಬರಾಗಿ ಬಂದು ಸೇರಿ, ಏಳು ಜನ ಏಳು ಬಗೆಯ ಆತಂಕವನ್ನು ಒಟ್ಟಿಗೆ ಹಾಡುತ್ತಾರೆ. ಪರದೆ ಬಿದ್ದಾಗ ಯಾವುದೂ ಇತ್ಯರ್ಥವಾಗಿರುವುದಿಲ್ಲ. ಆ ಗೊಂದಲವನ್ನು ತಲೆಯಲ್ಲಿ ಹೊತ್ತುಕೊಂಡೇ ಜನ ತೋಟಕ್ಕಿಳಿದರು. ನಾವು ಕೆರೆಯ ದಂಡೆಯಲ್ಲಿ ಚಿತ್ರಾನ್ನ, ಕೋಡುಬಳೆ ಹರಡಿಕೊಂಡೆವು. ಹುಲ್ಲುಹಾಸಿನ ಆಚೆ ಕುರಿಗಳು ಮೇಯುತ್ತಿದ್ದವು. ನಡುವೆ ಬೇಲಿ ಕಾಣುವುದಿಲ್ಲ. ಕಣ್ಣಿಗೆ ಬೀಳದಂತೆ ತೋಡಿದ ಒಂದು ತಗ್ಗು ಕಾಲುವೆಯಿದೆ. ದೂರದಿಂದ ನೋಡಿದರೆ ಕುರಿಗಳೂ ಕೋಟು ತೊಟ್ಟವರೂ ಒಂದೇ ಬಯಲಿನಲ್ಲಿರುವಂತೆ ಕಾಣುತ್ತದೆ. ಪಕ್ಕದ ಕಂಬಳಿಯ ವೃದ್ಧ ದಂಪತಿ ನಮ್ಮ ಕೋಡುಬಳೆಯ ರುಚಿ ನೋಡಿ, ತಮ್ಮ ಸ್ಟ್ರಾಬೆರಿ ಕೊಟ್ಟರು. ಇಬ್ಬರೂ ದೊರೆಯ ಪಾತ್ರಧಾರಿಯ ಬಗ್ಗೆ ಜಗಳವಾಡುತ್ತಿದ್ದರು. ಗಂಡನಿಗೆ ಅವನು ತೀರ ಮೃದು ಅನ್ನಿಸಿದ್ದ; ಹೆಂಡತಿಗೆ ಮೃದುವಾಗಿರುವುದರಿಂದಲೇ ಅಪಾಯಕಾರಿ ಅನ್ನಿಸಿದ್ದ. ಆಪೆರಾದ ಬಗ್ಗೆ ನಾನು ಓದಿದ ಎಷ್ಟೋ ಲೇಖನಗಳಿಗಿಂತ ಆ ಜಗಳದಲ್ಲಿ ಹೆಚ್ಚು ಹುರುಳಿತ್ತು. ಬಿಡುವು ಕೊಟ್ಟರೆ ಜನ ನೋಡಿದ್ದನ್ನು ಮೆಲುಕು ಹಾಕುತ್ತಾರೆ.

ನಾಲ್ಕನೆಯ ಅಂಕ ನಡೆಯುವುದು ರಾತ್ರಿಯ ತೋಟದಲ್ಲಿ. ದೊರೆಸಾನಿಯೂ ದಾಸಿ ಸುಸಾನಾಳೂ ಬಟ್ಟೆ ಬದಲಾಯಿಸಿಕೊಂಡಿರುತ್ತಾರೆ. ದಾಸಿಯೆಂದುಕೊಂಡು ದೊರೆ ತನ್ನ ಹೆಂಡತಿಗೇ ಪ್ರೇಮ ನಿವೇದಿಸುತ್ತಾನೆ. ಕೊನೆಗೆ ಸಿಕ್ಕಿಬಿದ್ದು, ಎಲ್ಲರೆದುರು ಮಂಡಿಯೂರಿ ಕ್ಷಮೆ ಬೇಡುತ್ತಾನೆ. ಅವಳು ಕ್ಷಮಿಸುತ್ತಾಳೆ. ಸಂಗೀತ ಅಲ್ಲಿ ಒಂದು ಕ್ಷಣ ನಿಂತುಬಿಡುತ್ತದೆ. ಆಗಷ್ಟೇ ನಿಜವಾದ ತೋಟದಲ್ಲಿ ಉಂಡು ಬಂದವರು ರಂಗದ ತೋಟವನ್ನು ನೋಡುತ್ತಿದ್ದರು. ಅಕ್ಕ ಕಟಕಟೆಗೆ ಒರಗಿ ನಿಂತು ಕಣ್ಣೊರೆಸಿಕೊಂಡರು. ಕಾಲುನೋವಿಗೋ ಮೊಜಾರ್ಟನಿಗೋ ಎಂದು ನಾನು ಕೇಳಲಿಲ್ಲ.

ಆದರೆ ಈ ಕೃತಿಯನ್ನು ಇಂಥ ಜಾಗದಲ್ಲಿ ನೋಡುವಾಗ ಒಂದು ಪ್ರಶ್ನೆಯನ್ನು ಬದಿಗಿಡಲಾಗುವುದಿಲ್ಲ. ಬೋಮಾರ್ಶೆ ಬರೆದ ಮೂಲ ನಾಟಕದಲ್ಲಿ ಆಳು ಒಡೆಯನಿಗೆ ಎದುರು ನಿಲ್ಲುತ್ತಾನೆ. ಹುಟ್ಟಿದ್ದೊಂದು ಬಿಟ್ಟರೆ ನಿನ್ನ ಸಾಧನೆಯೇನು ಎಂಬರ್ಥದಲ್ಲಿ ಮೂದಲಿಸುತ್ತಾನೆ. ಫ್ರಾನ್ಸಿನ ದೊರೆ ಹದಿನಾರನೆಯ ಲೂಯಿ ಅದನ್ನು ತಡೆಹಿಡಿದಿದ್ದ. ವಿಯೆನ್ನಾದಲ್ಲಿ ನಾಟಕದ ಪ್ರದರ್ಶನಕ್ಕೆ ಚಕ್ರವರ್ತಿಯ ಅನುಮತಿ ಸಿಗಲಿಲ್ಲ. ಲೊರೆಂಜೊ ದಾ ಪೊಂತೆ ರಾಜಕೀಯದ ಮಾತುಗಳನ್ನು ಕತ್ತರಿಸಿ ಹಾಡಾಗಿಸಿದ ಮೇಲೆ 1786ರ ಮೇ 1ರಂದು ಆಪೆರಾ ರಂಗಕ್ಕೆ ಬಂತು. ಅಂಥ ಕತೆಯನ್ನು ಒಬ್ಬ ಜಮೀನುದಾರನ ಬಂಗಲೆಯ ಪಕ್ಕದಲ್ಲಿ, ವಾರದ ನಡುವೆ ಮಧ್ಯಾಹ್ನವೇ ಕೆಲಸ ಬಿಟ್ಟು ಬರಬಲ್ಲವರು ನೋಡಿ ಚಪ್ಪಾಳೆ ತಟ್ಟುತ್ತಾರೆ. ಮಧ್ಯಾಹ್ನ ಬಿಡುವಿರುವುದು ಯಾರಿಗೆ? ಆ ಕಾಣದ ಕಾಲುವೆ ಕುರಿಗಳನ್ನಷ್ಟೇ ತಡೆಯುವುದಿಲ್ಲ.

ಗ್ಲೈಂಡ್‌ಬೋರ್ನ್‌ನವರಿಗೆ ಈ ಆಕ್ಷೇಪ ಹೊಸದಲ್ಲ. ಅವರ ಉತ್ತರಗಳಲ್ಲಿ ಒಂದು, 1968ರಲ್ಲಿ ಶುರುವಾದ ಸಂಚಾರಿ ತಂಡ. ಬೇಸಿಗೆಯ ಉತ್ಸವಕ್ಕೆ ಸರಕಾರದ ಅನುದಾನವಿಲ್ಲ. ಟಿಕೆಟ್, ಸದಸ್ಯರು, ದಾನಿಗಳಿಂದಲೇ ನಡೆಯುತ್ತದೆ. ಊರೂರಿಗೆ ಹೋಗಿ ಕಡಿಮೆ ಬೆಲೆಗೆ ಆಡುವ ಸಂಚಾರಕ್ಕೆ ಮಾತ್ರ ಆರ್ಟ್ಸ್ ಕೌನ್ಸಿಲ್ ಹಣ ಕೊಡುತ್ತಿತ್ತು. 2022ರ ಕೊನೆಗೆ ಆ ಅನುದಾನವನ್ನು ಅರ್ಧಕ್ಕೆ ಇಳಿಸಲಾಯಿತು. 2023ರ ಸಂಚಾರ ರದ್ದಾಯಿತು. ಉಳ್ಳವರ ಉತ್ಸವಕ್ಕೆ ಏನೂ ಆಗಲಿಲ್ಲ, ಬುತ್ತಿ ಬುಟ್ಟಿಗಳು ಎಂದಿನಂತೆ ಬಂದವು. ನಷ್ಟವಾದದ್ದು ತಮ್ಮ ಊರಿಗೇ ಆಪೆರಾ ಬರಲಿ ಎಂದು ಕಾದಿದ್ದವರಿಗೆ. ಅನುದಾನ ಕತ್ತರಿಸಿದಾಗ ಕತ್ತರಿ ಯಾರ ಮೇಲೆ ಬೀಳುತ್ತದೆ ಎಂಬುದಕ್ಕೆ ಇದು ತಕ್ಕ ಉದಾಹರಣೆ.

ಹಾಗಾದರೆ ಶ್ರೀಮಂತರ ಪೋಷಣೆ ಒಳ್ಳೆಯದೋ ಕೆಟ್ಟದ್ದೋ? ಈ ಪ್ರಶ್ನೆ ಮೈಸೂರಿಗೂ ಅಪರಿಚಿತವಲ್ಲ. ಜಯಚಾಮರಾಜ ಒಡೆಯರು ಕರ್ನಾಟಕ ಸಂಗೀತದ ವಾಗ್ಗೇಯಕಾರರಾಗಿ ನಮಗೆ ಗೊತ್ತು. ಪಾಶ್ಚಾತ್ಯ ಸಂಗೀತದಲ್ಲೂ ಅವರ ಅಭಿರುಚಿ ಆಳವಾಗಿತ್ತು. ರಷ್ಯಾದ ಕ್ರಾಂತಿಯ ನಂತರ ದೇಶ ಬಿಟ್ಟು, ಕೊನೆಗೆ ಲಂಡನ್ನಿನಲ್ಲಿ ನೆಲೆಸಿದ್ದ ನಿಕೊಲಾಯ್ ಮೆಟ್ನರ್ ಎಂಬ ಸಂಗೀತಗಾರ ಅನಾರೋಗ್ಯದಲ್ಲಿ, ಬಹುಮಟ್ಟಿಗೆ ಮರೆತುಹೋದವರಂತೆ ಬದುಕುತ್ತಿದ್ದರು. 1940ರ ದಶಕದ ಕೊನೆಗೆ ಅವರ ಕೃತಿಗಳು ಅವರದೇ ನುಡಿಸಾಣಿಕೆಯಲ್ಲಿ ಎಚ್‌ಎಂವಿ ತಟ್ಟೆಗಳಾಗಿ ಬಂದದ್ದು ಒಡೆಯರ ಹಣದಿಂದ. ಮೆಟ್ನರ್ ತಮ್ಮ ಮೂರನೆಯ ಪಿಯಾನೊ ಕಾನ್ಸರ್ಟೊವನ್ನು ಅವರಿಗೆ ಅರ್ಪಿಸಿದರು. ಸಸೆಕ್ಸಿನಲ್ಲಿ ಕ್ರಿಸ್ಟಿ ಮತ್ತು ಬುಶ್, ಮೈಸೂರು ಮತ್ತು ಲಂಡನ್ನಿನ ನಡುವೆ ಒಡೆಯರು ಮತ್ತು ಮೆಟ್ನರ್. ಎರಡೂ ಕಡೆ ಪಿತ್ರಾರ್ಜಿತ ಸಂಪತ್ತು, ಎರಡೂ ಕಡೆ ನೆಲೆ ತಪ್ಪಿದ ಕಲಾವಿದ. ಆ ಹಣ ಬಂದ ದಾರಿಯನ್ನು ನಾವು ಪ್ರಶ್ನಿಸಬಹುದು, ಪ್ರಶ್ನಿಸಬೇಕು. ಆದರೆ ಆ ಹಣವಿಲ್ಲದಿದ್ದರೆ ಆ ತಟ್ಟೆಗಳು ಇರುತ್ತಿರಲಿಲ್ಲ ಎಂಬುದನ್ನೂ ಅದೇ ಉಸಿರಿನಲ್ಲಿ ಹೇಳಬೇಕಾಗುತ್ತದೆ. ನನಗೆ ಈ ಎರಡು ಮಾತುಗಳಲ್ಲಿ ಒಂದನ್ನು ಬಿಡಲು ಸಾಧ್ಯವಾಗಿಲ್ಲ.

ಯುದ್ಧ ಬಂದಾಗ ಉತ್ಸವ ನಿಂತಿತು. ಬಾಂಬಿನ ಭಯದಿಂದ ಲಂಡನ್ನಿನಿಂದ ಸಾಗಿಸಿದ ಪುಟ್ಟ ಮಕ್ಕಳಿಗೆ ಬಂಗಲೆ ಆಸರೆಯಾಯಿತು. ಬಿಡುವೆಂಬುದನ್ನೇ ಕಾಣದ ಬಡಾವಣೆಗಳ ಮಕ್ಕಳೂ ಆ ಹುಲ್ಲುಹಾಸಿನ ಮೇಲೆ ಆಡಿದ ವರ್ಷಗಳವು. ಗ್ಲೈಂಡ್‌ಬೋರ್ನ್‌ನ ಚರಿತ್ರೆಯಲ್ಲಿ ನನಗೆ ತುಂಬ ಇಷ್ಟವಾದ ಅಧ್ಯಾಯ. ಬಿಂಗ್ ಲಂಡನ್ನಿನ ಪೀಟರ್ ಜೋನ್ಸ್ ಎಂಬ ದೊಡ್ಡ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದರು. ಎಬರ್ಟ್ ಟರ್ಕಿಯ ಅಂಕಾರಾದಲ್ಲಿ ನಾಟಕ ಮತ್ತು ಆಪೆರಾ ಕಲಿಸುವ ಶಾಲೆಯನ್ನು ಬೆಳೆಸಿದರು. ಬುಶ್ ಅಮೆರಿಕ ಖಂಡಗಳಲ್ಲಿ ಅಲೆದರು. ಯುದ್ಧ ಮುಗಿದ ಮೇಲೆ ಬಿಂಗ್ 1947ರಲ್ಲಿ ಎಡಿನ್‌ಬರೋ ಉತ್ಸವವನ್ನು ಆರಂಭಿಸಿದರು, ಮುಂದೆ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಆಪೆರಾವನ್ನು 22 ವರ್ಷ ನಡೆಸಿದರು. ಎಬರ್ಟ್ 1954ರಲ್ಲಿ ಬರ್ಲಿನ್ನಿನ ತಮ್ಮ ಹಳೆಯ ಹುದ್ದೆಗೆ ಮರಳಿದರು. ಬುಶ್ 1950ರಲ್ಲಿ ಗ್ಲೈಂಡ್‌ಬೋರ್ನ್‌ಗೆ ವಾಪಸಾದರು. ಮರುವರ್ಷ ಸೆಪ್ಟೆಂಬರಿನಲ್ಲಿ ಲಂಡನ್ನಿನಲ್ಲಿ ತೀರಿಕೊಂಡರು. ಡ್ರೆಸ್ಡೆನ್ನಿನ ಹುದ್ದೆ ಅವರಿಗೆ ಮತ್ತೆ ಸಿಗಲಿಲ್ಲ.

ಕ್ರಿಸ್ಟಿ 1962ರಲ್ಲಿ ತೀರಿಕೊಂಡರು. ಹಳೆಯ ರಂಗಮಂದಿರವನ್ನು ಅವರ ಮಗ ಜಾರ್ಜ್ ಕ್ರಿಸ್ಟಿ ಕೆಡವಿಸಿ, ಮೈಕೆಲ್ ಹಾಪ್‌ಕಿನ್ಸ್ ವಿನ್ಯಾಸದಲ್ಲಿ ಸುಮಾರು 1,200 ಆಸನಗಳ ಕೆಂಪು ಇಟ್ಟಿಗೆಯ ಮಂದಿರ ಕಟ್ಟಿಸಿದರು. ಮೊದಲ ರಾತ್ರಿಗೆ ಸರಿಯಾಗಿ 60 ವರ್ಷ ತುಂಬಿದ ದಿನ, 1994ರ ಮೇ 28ರಂದು, ಅದು ‘ಫಿಗರೋನ ಮದುವೆ’ಯಿಂದಲೇ ತೆರೆಯಿತು.

ಇಂಗ್ಲೆಂಡಿಗೆ ಹೋಗಲಾಗದವರಿಗೂ ಆ ಹಳೆಯ ಮಂದಿರದ ದನಿ ಕೇಳಲು ಒಂದು ದಾರಿಯಿದೆ. 1934 ಮತ್ತು 1935ರಲ್ಲಿ ಬುಶ್ ನಿರ್ದೇಶನದ ‘ಫಿಗರೋ’ವನ್ನು ಎಚ್‌ಎಂವಿ ಧ್ವನಿಮುದ್ರಿಸಿತು. ನಡುನಡುವಿನ ಮಾತಿನಂಥ ಭಾಗಗಳನ್ನು ಬಿಟ್ಟಿದ್ದಾರೆ, ಹಳೆಯ ತಟ್ಟೆಗಳ ಗರಗರ ಸದ್ದಿದೆ. ಎರಡನೆಯ ಅಂಕದ ಕೊನೆಯ ಭಾಗವನ್ನು ಹಾಕಿಕೊಂಡು ಕೇಳಿ. ಯಾರೂ ಯಾರ ಮೇಲೂ ದನಿ ಏರಿಸುವುದಿಲ್ಲ, ಒಬ್ಬರು ಬಿಟ್ಟ ಎಳೆಯನ್ನು ಇನ್ನೊಬ್ಬರು ಸಲೀಸಾಗಿ ಎತ್ತಿಕೊಳ್ಳುತ್ತಾರೆ. ಆ ಸಲೀಸಿನ ಹಿಂದೆ ಸಸೆಕ್ಸಿನ ಹಳ್ಳಿಯೊಂದರಲ್ಲಿ ಕಳೆದ ವಾರಗಟ್ಟಲೆ ತಾಲೀಮಿದೆ. ಅದನ್ನು ಮಾಡಿಸಿದವರು ತಮ್ಮ ಊರಿನಲ್ಲಿ ಒಂದು ಸಂಜೆಯ ‘ರಿಗೊಲೆಟ್ಟೊ’ ನಡೆಸಲೂ ಬಿಡಿಸಿಕೊಳ್ಳದವರು.